ನನ್ನ ವಿಳಾಸ ತಪ್ಪೆಂದ ನೆಟ್‌ವರ್ಕ್ ಕಚೇರಿಗೆ

ಮಾನ್ಯರೇ,

ವಿದ್ಯಾರ್ಥಿನಿಲಯದ ನೆಟ್‌ವರ್ಕ್ ಕಚೇರಿಯ ಮುಖ್ಯಸ್ಥರಾದ ತಾವು ನನ್ನ ಮನೆಯ ವಿಳಾಸ ತಪ್ಪೆಂದು ಮೊಹರು ಒತ್ತಿ ತಿಳಿಸಿದ್ದೀರಿ. ನಾನು ನಿವೃತ್ತ ಅಂಚೆಯವನು. ಬೆನ್ನು ಬಾಗುವ ತನಕ ಊರಿನ ವಿಳಾಸಗಳನ್ನೆಲ್ಲ ಹೊತ್ತು ತಿರುಗಿದವನಿಗೆ ತಾನಿರುವ ಮನೆಯೇ ಗೊತ್ತಿಲ್ಲ ಎನ್ನಲು ಧೈರ್ಯ ಬೇಕು. ಅದು ತಮಗೆ ಧಾರಾಳವಾಗಿದೆ. ಆದರೆ ಈ ಪತ್ರ ನನ್ನ ಮಾನಕ್ಕಾಗಿ ಅಲ್ಲ. ತಮ್ಮ ಮೊಹರು ಹೋಗಿ ಬರುವಷ್ಟರಲ್ಲಿ ನನ್ನ ಹೆಂಡತಿ ಮಗಳ ಮುಖ ನೋಡದೆ ತೀರಿಕೊಂಡಳು. ಅದನ್ನು ತಮಗೆ ನಾಲ್ಕು ಜನರ ಎದುರಿಗೇ ಹೇಳಬೇಕೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವಳ ದನಿ ಹೋಗಿತ್ತು. ಫೋನು ಎತ್ತಿದರೆ ಅತ್ತ ಕಡೆಗೆ ಕೇಳಿಸುತ್ತಿದ್ದದ್ದು ಉಸಿರು ಮಾತ್ರ. ಕಾಗದ ಬರೆಯಬಹುದಿತ್ತಲ್ಲ ಎನ್ನುವಿರಿ. ಊರಿಗೆಲ್ಲ ಕಾಗದ ಹಂಚಿದವನ ಹೆಂಡತಿಗೆ ಅಕ್ಷರ ಬಾರದು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಅವಳಿಗೆ ಉಳಿದದ್ದು ತುಟಿ, ಕೈ, ಹುಬ್ಬು. ಆ ಭಾಷೆ ನನಗೆ ಅರ್ಧಂಬರ್ಧ. ನೀರು ಕೇಳಿದರೆ ಕಿಟಕಿ ತೆಗೆದು ಬೈಸಿಕೊಂಡಿದ್ದೇನೆ, ದನಿಯಿಲ್ಲದ ಬೈಗುಳ. ಪೂರ್ತಿ ಬಲ್ಲವಳು ಮಗಳೊಬ್ಬಳೇ. ತಾಯಿ ಹುಬ್ಬು ಹಾರಿಸಿದರೆ ಸಾಕು, "ಅಪ್ಪಾ, ಅಂಗಿ ಉಲ್ಟಾ ಹಾಕ್ಕೊಂಡಿದೀಯಂತೆ, ನೋಡ್ಕೋ" ಎಂದು ಮಗಳು ನಗುವಳು. ಇಬ್ಬರೂ ಸೇರಿ ನನ್ನನ್ನು ಆಡಿಕೊಳ್ಳುತ್ತಿದ್ದರು. ಆ ಮಗಳು ಒಂದು ಹಗಲು ಒಂದು ರಾತ್ರಿಯ ದಾರಿ ಸವೆಸಿ ತಮ್ಮ ವಿದ್ಯಾರ್ಥಿನಿಲಯ ಸೇರಿದಳು.

ಅವಳು ಹೊರಡುವ ಮುನ್ನ ಕೆಳಮನೆಯ ಟೈಪಿಂಗ್ ಮೇಷ್ಟ್ರು ಒಂದು ಉಪಾಯ ಹೇಳಿದ್ದರು. ನಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಮಗಳು ಒಯ್ಯುವುದು, ಆಗಲೇ ನೆಟ್‌ವರ್ಕ್ ಇದ್ದ ಅವರದನ್ನು ತಂದು ನಮ್ಮ ಮಂಚದ ಪಕ್ಕ ಇಡುವುದು, ಎರಡಕ್ಕೂ ಒಂದೊಂದು ಕ್ಯಾಮೆರಾ. ನಮ್ಮದು ಮುದಿ ಯಂತ್ರ. ಗುಂಡಿ ಒತ್ತಿದರೆ ಗೊರಗುಟ್ಟಿಕೊಂಡು ಏಳುವಷ್ಟರಲ್ಲಿ ಮನೆಯವರೆಲ್ಲ ಕಾಫಿ ಕುಡಿದು ಲೋಟ ತೊಳೆದಿಡಬಹುದು. ನೆಟ್‌ವರ್ಕಿಗೆ ಜೋಡಿಸುವ ಕಾರ್ಡು ಅದರಲ್ಲಿರಲಿಲ್ಲ. ಮೇಷ್ಟ್ರು ಎಲ್ಲೋ ಕೆಟ್ಟು ಕೂತಿದ್ದ ಯಂತ್ರದಿಂದ ಒಂದನ್ನು ಕಿತ್ತು ತಂದು ಒಳಗೆ ಕೂರಿಸಿದರು. ನನ್ನ ಹೆಂಡತಿ ತಾನು ಹೊದೆಯುತ್ತಿದ್ದ ಹೊದಿಕೆಯಲ್ಲೇ ಅದನ್ನು ಸುತ್ತಿ, ನಾಲ್ಕು ಸಲ ಗಂಟು ಎಳೆದು ನೋಡಿ ಕಳಿಸಿದಳು.

ಇನ್ನು ನೆಟ್‌ವರ್ಕ್ ಸಂಪರ್ಕ ಕೇಳಿ ತುಂಬಬೇಕಾದ ತಮ್ಮ ಅರ್ಜಿಯ ವಿಷಯ. ಅದರಲ್ಲಿ ಒಂದು ಸಾಲು: ವಿಳಾಸ. ಅಷ್ಟೇ. ಮಗಳು ತನ್ನ ಕೋಣೆಯ ನಂಬರು ಬರೆದಳು. 'ವಿಳಾಸ ತಪ್ಪಾಗಿದೆ' ಎಂಬ ಮೊಹರು ಬಿದ್ದು ವಾಪಸು ಬಂತು. "ಅಪ್ಪಾ, ಮನೇದು ಕೇಳ್ತಿದಾರೇನೋ" ಎಂದಳು. ಫೋನಿನಲ್ಲೇ ಬರೆಸಿದೆ: ಮನೆ ನಂಬರು, ಅಡ್ಡರಸ್ತೆ, ಹಿಟ್ಟಿನ ಗಿರಣಿಯ ಎದುರು. ಮತ್ತೆ ಅದೇ ಮೊಹರು. "ಏನ್ ತಪ್ಪಿದೆ ಸಾರ್, ಹೇಳಿದ್ರೆ ಸರಿ ಮಾಡ್ತೀನಿ" ಎಂದು ತಮ್ಮ ಕೌಂಟರಿನಲ್ಲಿ ಕೇಳಿದ್ದಕ್ಕೆ ಸಿಕ್ಕ ಉತ್ತರವೇನು ಗೊತ್ತೇ? "ವಿಳಾಸ ತಪ್ಪಿದೆ ಅಂತ ಬರ್ದಿದೀವಲ್ಲಮ್ಮ, ಓದಕ್ಕೆ ಬರಲ್ವಾ?" ಓದಲೆಂದೇ ಬಂದವಳು ಸ್ವಾಮಿ ಅವಳು.

ನನಗೆ ರೋಷ ಬಂತು. ವಿಳಾಸದ ವಿಷಯಕ್ಕೆ ಇನ್ನೊಬ್ಬರನ್ನು ಕೇಳುವುದು ನನ್ನ ಜಾಯಮಾನವಲ್ಲ. ನನ್ನ ಹಳೆಯ ಕಚೇರಿಗೇ ಹೋಗಿ, 'ಈ ವಿಳಾಸ ಸರಿಯಾಗಿದೆ, ಇಲ್ಲಿಗೆ ಕಾಗದಗಳು ತಪ್ಪದೆ ತಲುಪುತ್ತಿವೆ' ಎಂದು ಪೋಸ್ಟ್‌ಮಾಸ್ತರರಿಂದ ಸಹಿ, ಮುದ್ರೆ ಹಾಕಿಸಿ ಕಳಿಸಿದೆ. ತಾವು ಅದನ್ನೂ ತಿರಸ್ಕರಿಸಿದಿರಿ. ಈ ಸಲ ವಾಪಸು ಕಳಿಸಿದ್ದೆಲ್ಲಿಗೆ? ಅಂಚೆಯಲ್ಲಿ, ನೇರ ನನ್ನ ಮನೆಗೆ. ತಪ್ಪಾದ ವಿಳಾಸಕ್ಕೆ ಅದು ಸರಿಯಾಗಿ ಬಂದು ತಲುಪಿತು.

ಇತ್ತ ನನ್ನ ಹೆಂಡತಿ ದಿನಾ ಸಂಜೆ ತಲೆ ಬಾಚಿಸಿಕೊಂಡು, ಗಾಯ ಕಾಣದ ಹಾಗೆ ಕೊರಳಿಗೆ ಬಟ್ಟೆ ಸುತ್ತಿಕೊಂಡು ಕ್ಯಾಮೆರಾದ ಮುಂದೆ ಕೂರುತ್ತಿದ್ದಳು. ನನ್ನತ್ತ ತಿರುಗಿ ಹುಬ್ಬು ಹಾರಿಸುವಳು: ಬಂತಾ? "ನಾಳೆ ಬರುತ್ತೆ ಕಣೇ" ಎನ್ನುತ್ತಿದ್ದೆ. ಮಗಳನ್ನು ಕರೆಸಲಾ ಎಂದರೆ ಬೇಡವೆಂದು ಕೈಯಾಡಿಸಿ, ಎರಡೂ ಅಂಗೈಗಳನ್ನು ಪುಸ್ತಕದ ಹಾಗೆ ಬಿಡಿಸಿ ತೋರಿಸುವಳು. ಓದು ಕೆಡಬಾರದು. ಅಷ್ಟು ನನಗೂ ಅರ್ಥವಾಗುತ್ತಿತ್ತು. ಡಾಕ್ಟರು ಇನ್ನೂ ಕೆಲವು ತಿಂಗಳು ಎಂದಿದ್ದರು, ನಾವು ನಂಬಿಕೊಂಡಿದ್ದೆವು.

ಕೊನೆಗೆ ಮೇಜಿನ ಮೇಲಿದ್ದ ಆ ಅರ್ಜಿಯನ್ನು ನೋಡಿ ಮೇಷ್ಟ್ರು ಹಣೆ ಚಚ್ಚಿಕೊಂಡರು. "ಅಯ್ಯೋ ಪೋಸ್ಟಣ್ಣ, ಅವ್ರು ಕೇಳ್ತಿರೋದು ನಿಮ್ಮ ವಿಳಾಸ ಅಲ್ಲ, ಕಂಪ್ಯೂಟರಿಂದು! ನಾನು ಕೂರಿಸಿದ ಕಾರ್ಡಿನ ಮೇಲೆ ಒಂದು ನಂಬರ್ ಅಚ್ಚಾಗಿರುತ್ತಲ್ಲ, ಅದಕ್ಕೇ ಅವ್ರು ವಿಳಾಸ ಅನ್ನೋದು." ಹೊಸ ಯಂತ್ರಗಳಿಗೆ ಅದನ್ನು ಹೊರಗೇ ಅಂಟಿಸಿರುತ್ತಾರಂತೆ. ನಮ್ಮದಕ್ಕೆ ಹೊಟ್ಟೆಯೊಳಗಿತ್ತು. ಮಗಳು ಸ್ಕ್ರೂ ಬಿಚ್ಚಿ, ಟಾರ್ಚು ಹಿಡಿದು ಓದಿ, ಬರೆದುಕೊಟ್ಟಳು. ತಾವು ಒಪ್ಪಿದಿರಿ. ತಮ್ಮ ಒಪ್ಪಿಗೆ ಹೊರಡುವ ಮೊದಲೇ ಇತ್ತ ನನ್ನ ಹೆಂಡತಿ ಹೊರಟುಬಿಟ್ಟಳು. ಮಗಳು ಓಡಿ ಬಂದು ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಹುಬ್ಬು ಅಲುಗಲಿಲ್ಲ.

ಎಲ್ಲ ಮುಗಿಸಿ ಹಿಂದಿರುಗಿದವಳಿಗೆ ಕೋಣೆಯ ಬಾಗಿಲಲ್ಲಿ ತಮ್ಮ ಪತ್ರ ಕಾದಿತ್ತು: ವಿಳಾಸ ಸರಿಯಿದೆ, ಸಂಪರ್ಕ ನೀಡಲಾಗಿದೆ. ಆ ಸಂಜೆ ಅವಳು ಯಂತ್ರ ಹಚ್ಚಿದಳು. ಇತ್ತ ಮಂಚದ ಮೇಲೆ, ಇವಳು ಕೂರುತ್ತಿದ್ದ ಜಾಗದಲ್ಲಿ ನಾನು ಕೂತೆ. ಮಗಳ ಮುಖ ಮೂಡಿತು. ಅವಳು ದನಿ ತೆಗೆಯದೆ ಬರೀ ತುಟಿಯಾಡಿಸಿ ಏನೋ ಹೇಳಿದಳು, ತಾಯಿಗೆ ಹೇಳುತ್ತಿದ್ದ ಹಾಗೆ. ನನಗೆ ತಿಳಿಯಲಿಲ್ಲ ಮಾನ್ಯರೇ. ಏನಂದಳೆಂದು ಕೇಳೋಣವೆಂದರೆ ಆ ಭಾಷೆ ಬಲ್ಲವಳು ಮನೆಯಲ್ಲಿರಲಿಲ್ಲ.

ನನ್ನ ಒತ್ತಾಯ ದೊಡ್ಡದಲ್ಲ. ಅರ್ಜಿಯ 'ವಿಳಾಸ'ದ ಹಿಂದೆ 'ಕಂಪ್ಯೂಟರಿನ' ಎಂಬ ಒಂದು ಪದ ಸೇರಿಸಿ. ಅದಕ್ಕೆಷ್ಟು ಶಾಯಿ ಬೇಕು? ಮತ್ತೆ, ವಾಪಸು ಮಾಡುವಾಗ ಏನು ತಪ್ಪೆಂದು ಬರೆಯಿರಿ. ತಲುಪದ ಕಾಗದವನ್ನು ನಾವು ಸುಮ್ಮನೆ ಹಿಂದಿರುಗಿಸುತ್ತಿರಲಿಲ್ಲ. ಮನೆಗೆ ಬೀಗ, ಊರು ಬಿಟ್ಟಿದ್ದಾರೆ, ಹೀಗೆ ಕಾರಣ ಬರೆದು ಸಹಿ ಹಾಕುತ್ತಿದ್ದೆವು. ಕಳಿಸಿದವರಿಗೆ ಅಷ್ಟಾದರೂ ತಿಳಿಯಬೇಕಲ್ಲ.

ತಮ್ಮ ಒಪ್ಪಿಗೆ ಪತ್ರವನ್ನು ಮಗಳಿಂದ ತರಿಸಿಕೊಂಡು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ನಮ್ಮ ಪದ್ಧತಿಯಂತೆ ಅದರ ಮೇಲೆ ಕಾರಣ ಬರೆದಿದ್ದೇನೆ: ವಿಳಾಸ ಸರಿಯಿದೆ. ವಿಳಾಸದಾರರು ತೀರಿಕೊಂಡಿದ್ದಾರೆ.

ಇಂತಿ,
ಹಿಟ್ಟಿನ ಗಿರಣಿಯ ಎದುರಿನ ಮನೆಯಲ್ಲಿ ಈಗಲೂ ಸಿಗುವ
ಒಬ್ಬ ಅಂಚೆಯವನು