ಸೊನ್ನೆ ಗಂಟೆಯ ಸಾಲು

ನಂಜನಗೂಡು
21-11-2024, ರಾತ್ರಿ ಎರಡೂಕಾಲು

ಪ್ರೀತಿಯ ಅವ್ವನಿಗೆ, ನಿನ್ನ ಚೈತ್ರ ಮಾಡುವ ನಮಸ್ಕಾರ.

ಟಣ್ ಅಂತ ಲ್ಯಾಪ್‌ಟಾಪ್ ಸದ್ದು ಮಾಡಿ ಈಗ ಎಚ್ಚರವಾಯಿತು. ಮೇಜಿನ ಮೇಲೇ ತಲೆಯಿಟ್ಟು ನಿದ್ದೆ ಹೋಗಿದ್ದೆ. ಲಿಖಿತಾನೂ ಬೆಚ್ಚಿ ಅತ್ತಳು, ಎದೆಗೆ ಹಾಕಿಕೊಂಡ ಮೇಲೆ ಮಲಗಿದಳು. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಕಾಯಿಸಿ ಹಚ್ಚಿಕೋ ಅಂದಿದ್ದೆ, ಹಚ್ಚಿಕೊಂಡಿರುವುದಿಲ್ಲ ನೀನು. ಅಪ್ಪಾಜಿಯ ಬಿ.ಪಿ. ಮಾತ್ರೆ ತಪ್ಪಿಸಬೇಡ. ನಿನ್ನ ಅಳಿಯನಿಗೆ ಈ ವಾರ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಮೊಮ್ಮಗಳಿಗೆ ಇನ್ನೊಂದು ಹಲ್ಲು ಬಂದಿದೆ, ಕಂಡದ್ದನ್ನೆಲ್ಲ ಕಚ್ಚುತ್ತಾಳೆ. ಅವಳು ಮಲಗಿದ ಮೇಲೂ ನಾನು ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿರುತ್ತೇನೆ. “ಆ ಮಗೀನ ಮಲಗಕ್ಕೆ ಬುಡ್ತೀಯೋ ಇಲ್ವೋ ಮಾರಾಯ್ತಿ” ಅಂತ ಇವರು ರೇಗಿಸುತ್ತಾರೆ.

ನಿನ್ನನ್ನು ಒಂದು ಮಾತು ಕೇಳಬೇಕು. ಫೋನಿನಲ್ಲೇ ಕೇಳೋಣ ಎಂದರೆ ರಾತ್ರಿ ನಿನ್ನ ಮೊಬೈಲು ಅಪ್ಪಾಜಿಯ ತಲೆದೆಸೆಯಲ್ಲಿರುತ್ತದೆ. ಹಗಲಲ್ಲಿ ಕೇಳಿದರೆ ನೀನು ಮಾತು ತೇಲಿಸುತ್ತೀಯ. ಅದಕ್ಕೇ ಕಾಗದದಲ್ಲಿ ಬರೆದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದೇನೆ. ನೀನು ನಸುಕಿನಲ್ಲಿ ಎದ್ದು ಬಾಗಿಲಿಗೆ ನೀರು ಹಾಕುವ ಮುಂಚೆ ಮೊಮ್ಮಗಳ ಫೋಟೋ ಬಂದಿದೆಯಾ ಅಂತ ನೋಡುತ್ತೀಯಲ್ಲ, ಆಗ ಸಿಗುತ್ತದೆ. ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿಕೊಂಡು ಓದು.

ನಾನು ಮನೆಯಲ್ಲೇ ಕೂತು ಮಾಡುವ ಕೆಲಸ ನಿನಗೆ ಗೊತ್ತು. ನಮ್ಮ ನಂಜನಗೂಡು, ನರಸೀಪುರ ತಾಲೂಕಿನ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳ ಸರ್ವೆ. ಉಸಿರಿದ್ದು ಹುಟ್ಟಿದವು ಮಾತ್ರ ಅದರಲ್ಲಿರುತ್ತವೆ, ಯಾವ ಮಗು ಎಷ್ಟು ಕಾಲ ಉಳಿಯಿತು ಅಂತ ಲೆಕ್ಕ ತೆಗೆಯುವುದು ನನ್ನ ಪಾಲು. ಆ ಲೆಕ್ಕದ ಸಾಫ್ಟ್‌ವೇರು ಈ ವಾರವೆಲ್ಲ ಅರ್ಧದಲ್ಲೇ ಮುಚ್ಚಿಹೋಗುತ್ತಿತ್ತು. ತಪ್ಪೇನು ಅಂತಲೂ ಹೇಳುವುದಿಲ್ಲ. ಟಣ್ ಅನ್ನುತ್ತದೆ, ಒಳಗಿನಿಂದ ಯಾರೋ ದೀಪ ಆರಿಸಿದ ಹಾಗೆ ಪರದೆ ಖಾಲಿ. ಫೈಲನ್ನು ಅರ್ಧ ಮಾಡಿ ಓಡಿಸಿದೆ. ಒಂದು ಅರ್ಧ ಓಡಿತು, ಇನ್ನೊಂದು ಬಿತ್ತು. ಬಿದ್ದದ್ದನ್ನು ಮತ್ತೆ ಅರ್ಧ ಮಾಡಿದೆ, ಮತ್ತೆ ಅರ್ಧ. ಹೀಗೇ ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ ಹುಡುಕಿ ಕೊನೆಗೆ ಒಂದೇ ಸಾಲು ಉಳಿಯಿತು. ಅದನ್ನು ತೆಗೆದರೆ ಎಲ್ಲ ಸಲೀಸು, ಸೇರಿಸಿದರೆ ಟಣ್. ಹುಟ್ಟಿದ ದಿನವೇ ಹೋದ ಮಕ್ಕಳಿಗೆ ಎಷ್ಟು ಗಂಟೆ ಇದ್ದವು ಅಂತ ಬರೆದಿರುತ್ತಾರೆ. ಈ ಸಾಲಿನಲ್ಲಿ ಸೊನ್ನೆ. ಬದುಕಿತ್ತು, ಆದರೆ ಸೊನ್ನೆ ಹೊತ್ತು ಬದುಕಿತ್ತು ಅಂದರೆ ಆ ಸಾಫ್ಟ್‌ವೇರು ತಡೆದುಕೊಳ್ಳುವುದಿಲ್ಲ. ನಮ್ಮ ಮೇಲಿನವರು ಕೃಷ್ಣ ಸರ್, ಅವರಿಗೆ ಹೇಳಿದೆ. “ಒಂದ್ ಸಾಲ್ ತಾನೇ ಚೈತ್ರ, ತೆಗ್ದಾಕಿ. ಸಾವಿರಾರ್ ಮಕ್ಕಳಲ್ಲಿ ಒಂದು, ಯಾರಿಗ್ ಗೊತ್ತಾಗುತ್ತೆ. ಬೆಳಿಗ್ಗೆ ರಿಪೋರ್ಟ್ ಹೋಗ್ಲೇಬೇಕು” ಅಂದರು. ತೆಗೆಯುವ ಮುಂಚೆ ಆ ಸಾಲನ್ನು ಪೂರ್ತಿ ಓದಿದೆ.

ಹೆಸರು ಇರುವುದಿಲ್ಲ ಅವ್ವ, ಮೊದಲೇ ಅಳಿಸಿರುತ್ತಾರೆ. ಊರು ನಮ್ಮ ಮೂಗೂರು. ಗಂಡು. ಮೊದಲ ಹೆರಿಗೆ, ಆಪರೇಷನ್. ತಾಯಿ ಓದಿರುವುದು ಎಂ.ಎಸ್ಸಿ. ತಾರೀಕು, ನಾನು ಪ್ರತಿ ವರ್ಷ ಹೊಟ್ಟೆ ಸರಿಯಿಲ್ಲ ಅಂತ ಹೇಳಿ ಊಟ ಬಿಡುವ ತಾರೀಕು. ಉತ್ತರ ಕೊಟ್ಟವರು, ಮಗುವಿನ ಅಜ್ಜಿ. ಹುಟ್ಟಿದಾಗ ಅತ್ತಿತೇ, ಹೌದು.

ಆಪರೇಷನ್ ಆಗಿ ನನಗೆ ಮಂಪರು ಬಿಟ್ಟಾಗ “ಉಟ್ಟುವಾಗ್ಲೇ ಉಸ್ರಿರ್ನಿಲ್ಲ ಕಣವ್ವ” ಅಂತ ನೀನು ತಲೆ ಸವರಿದ್ದೆ. ಲಿಂಗ ಕಟ್ಟಿಸಿದಿರಾ ಅಂತ ಕೇಳಿದೆ, ನಮ್ಮ ಮನೆಯಲ್ಲಿ ಕೂಸಿಗೆ ಹಾಲು ಕುಡಿಸುವ ಮುಂಚೆ ಲಿಂಗ ಕಟ್ಟಿಸುವುದಲ್ಲವಾ. ಉಸಿರಿಲ್ಲದ್ದಕ್ಕೆ ಯಾಕೆ ಅಂದೆ ನೀನು. ನಾನು ನಂಬಿದೆ. ಆದರೆ ಲಿಖಿತಾ ಹುಟ್ಟಿದಾಗ ಅವಳಿಗೆ ಲಿಂಗ ಕಟ್ಟುವ ದಿನ ಇವರು ಬಾಯಿತಪ್ಪಿ “ಅವತ್ತೂ ಅಯ್ನೋರು ಬರೋದ್ ತಡ ಆಯ್ತು” ಅಂದು, ನನ್ನ ಮುಖ ನೋಡಿ ಎದ್ದುಹೋದರು. ಉಸಿರಿಲ್ಲದ ಕೂಸಿಗೆ ಅವತ್ತು ಅಪ್ಪಾಜಿ ಲಿಂಗ ಕಟ್ಟುವ ಅಯ್ಯನೋರನ್ನು ಯಾಕೆ ಕರೆತರಲು ಹೋದರು? ಇವರಂತೂ ಹೊರಗೆ ಆಸ್ಪತ್ರೆಯ ವರಾಂಡದಲ್ಲಿದ್ದರಂತೆ. ಒಳಗಿದ್ದವಳು ನೀನೊಬ್ಬಳೇ.

ನಿನ್ನ ಮೇಲೆ ಕೋಪವಿಲ್ಲ. ನಾನು ತಡೆದುಕೊಳ್ಳುವುದಿಲ್ಲ ಅಂತ ಎಲ್ಲರೂ ಸೇರಿ ಮುಚ್ಚಿಟ್ಟಿರಿ. ಗುರುತಿಲ್ಲದ ಸರ್ವೆ ಹುಡುಗಿ ಬಂದು ಜಗಲಿಯಲ್ಲಿ ಕೂತು ಕೇಳಿದಾಗ ನಿನ್ನ ಬಾಯಲ್ಲಿ ನಿಜ ಬಂದಿದೆ. ಎಷ್ಟು ಹೊತ್ತು ಇತ್ತಜ್ಜಿ ಅಂತಲೂ ಕೇಳಿರುತ್ತಾಳೆ. ನೀನು ಎದ್ದು ಒಳಗೆ ಹೋಗಿರುತ್ತೀಯ. ಅವಳು ಸೊನ್ನೆ ಒತ್ತಿಕೊಂಡು ಪಕ್ಕದ ಮನೆಗೆ ಹೋಗಿರುತ್ತಾಳೆ.

ಇಂಥ ಸೊನ್ನೆ ಬಂದರೆ ಅರ್ಧ ದಿನ ಅಂತ ಹಾಕಿ ಮುಂದೆ ಹೋಗುವ ರೂಢಿ ನಮ್ಮ ಕೆಲಸದಲ್ಲಿದೆ. ಹಾಕಿದೆ. ಓಡಿತು. ಎಷ್ಟು ಮಕ್ಕಳು ಉಳಿದವು ಅಂತ ತೋರಿಸುವ ಗ್ರಾಫಿನ ಗೆರೆ ಶುರುವಿನಲ್ಲೇ ಕೂದಲೆಳೆಯಷ್ಟು ಕೆಳಗಿಳಿದು ಮುಂದೆ ಸಾಗಿತು. ಆ ಇಳಿದ ಜಾಗದ ಮೇಲೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಆಮೇಲೆ ಭಯವಾಯಿತು. ಅವನಿಗೆ ಸಿಗದೇ ಹೋದ ಅರ್ಧ ದಿನವನ್ನು ನಾನು ಹೇಗೆ ಬರೆಯಲಿ? ಅಳಿಸಿ ಮತ್ತೆ ಸೊನ್ನೆ ಹಾಕಿ ಓಡಲು ಬಿಟ್ಟೆ, ಹಾಗೇ ಕಣ್ಣು ಹತ್ತಿತು. ಆಮೇಲೆ ಆ ಸದ್ದು. ಈಗ ಈ ಕೋಣೆಯಲ್ಲಿ ಎರಡು ಉಸಿರು ಕೇಳುತ್ತಿವೆ ಅನ್ನಿಸುತ್ತದೆ, ಒಂದು ಲಿಖಿತಾಳದು. ಲೈಟು ಹಾಕಿ ನೋಡುತ್ತೇನೆ, ಮಂಚದ ಮೇಲೆ ಒಂದೇ ಮಗು. ಆರಿಸಿದರೆ ಮತ್ತೆ ಎರಡು.

ಒಂದು ಗಂಟೆಯೋ, ಹತ್ತು ನಿಮಿಷವೋ, ಇದ್ದಷ್ಟು ಹೇಳು. ಅಷ್ಟನ್ನೇ ಬರೆಯುತ್ತೇನೆ, ಅವನು ಆ ಲೆಕ್ಕದೊಳಗೆ ಉಳಿದುಕೊಳ್ಳುತ್ತಾನೆ. ಹೇಳದಿದ್ದರೆ ಬೆಳಿಗ್ಗೆ ನನ್ನ ಕೈಯಿಂದಲೇ ಅವನನ್ನು ತೆಗೆದುಹಾಕಬೇಕು.

ಚಳಿ ಶುರುವಾಗಿದೆ, ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಾ. ಅಪ್ಪಾಜಿಗೆ ಇದನ್ನು ತೋರಿಸಬೇಡ, ನನ್ನ ನಮಸ್ಕಾರ ಮಾತ್ರ ತಿಳಿಸು.

ನಿನ್ನ ಮಗಳು,
ಚೈತ್ರ

ತಾ.ಕ.: ಹೊತ್ತು ನೆನಪಿಲ್ಲದಿದ್ದರೆ ಬೇಡ ಅವ್ವ, ಅರ್ಧ ದಿನ ಅಂತಲೇ ಬರೆದುಬಿಡುತ್ತೇನೆ. ಇದ್ದಷ್ಟು ಹೊತ್ತು ಅವನನ್ನು ಯಾರಾದರೂ ಎತ್ತಿಕೊಂಡಿದ್ದರಾ, ನೀನು ಎತ್ತಿಕೊಂಡಿದ್ದೆಯಾ, ಅದೊಂದು ಹೇಳು. ಅಪ್ಪಾಜಿ ಏಳುವ ಮುಂಚೆ ಹಿತ್ತಲಿಗೆ ಹೋಗಿ ಫೋನ್ ಮಾಡು. ಬಾಯಿ ಬಾರದಿದ್ದರೂ ಪರವಾಗಿಲ್ಲ, ಸುಮ್ಮನೆ ಹಿಡಿದುಕೊಂಡಿರು, ನನಗೆ ತಿಳಿಯುತ್ತದೆ. ಬೆಳಗಾಗುವ ಮುಂಚೆ ಮಾಡವ್ವ.