ಸಾದಾ ಪುಟಕ್ಕೆ ಬಳಕೆದಾರರು ಸೊನ್ನೆ

ಕಲಿಕಾ ತಂತ್ರಾಂಶದ ಮುಂದಿನ ಮಹಾ ಆವೃತ್ತಿಯ ಯೋಜನಾ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ, ಮಾನ್ಯರ ಮಗ್ಗುಲಲ್ಲಿ ಕುಳಿತ ಸನ್ಮಾನ್ಯರೇ, ಈ ಪತ್ರ ಓದಲು ಗುಂಡಿ ಒತ್ತಿ ಇನ್ನೂ ಪುಟ ತೆರೆಯದೆ ಕಾಯುತ್ತಿರುವ ಸಾಮಾನ್ಯರೇ,

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಮ್ಮನ್ನು ಅಗಲಿದ 'ಸಾದಾ ಪುಟ'ಕ್ಕಾಗಿ ಒಂದು ನಿಮಿಷ ಮೌನ ಆಚರಿಸೋಣ. ಒಂದು ನಿಮಿಷ ಹೆಚ್ಚಾಯಿತೆನ್ನಿಸಿದರೆ ನಲವತ್ತು ಸೆಕೆಂಡು ಸಾಕು. ಅದನ್ನು ಮುಗಿಸಲು ನಿಮ್ಮ ಸಭೆ ತೆಗೆದುಕೊಂಡದ್ದೂ ಅಷ್ಟೇ.

ದೂರು ಇಷ್ಟು. ಊರೂರಿನ ಶಾಲೆ, ಕಾಲೇಜು, ತರಬೇತಿ ಕೇಂದ್ರಗಳು ಪಾಠ ಹೇಳಲು, ಪರೀಕ್ಷೆ ನಡೆಸಲು ಬಳಸುವ ನಿಮ್ಮ ತಂತ್ರಾಂಶ ಮುಕ್ತವಾದದ್ದು. ಇದು ಯಾರೊಬ್ಬರ ಸ್ವತ್ತಲ್ಲ, ಆದ್ದರಿಂದ ಎಲ್ಲರ ಸ್ವತ್ತು ಎಂದು ಅದರ ಹಣೆಯ ಮೇಲೆ ನೀವೇ ಬರೆದುಕೊಂಡಿದ್ದೀರಿ. ಅದರ ಮೂಲೆಯಲ್ಲಿ 'ಸಾದಾ ಪುಟ' ಎಂಬ ಸಣ್ಣ ಗುಂಡಿಯೊಂದಿತ್ತು. ಒತ್ತಿದರೆ ಚಿತ್ರ, ಚಲನೆ, ಚೆಲುವು ಎಲ್ಲ ಕಳಚಿ ಬರೀ ಅಕ್ಷರ ಉಳಿಯುತ್ತಿತ್ತು. ಸಿಗ್ನಲ್ ಸತ್ತುಬಿದ್ದ ಜಾಗದಲ್ಲೂ ಪಾಠ ತೆರೆಯುತ್ತಿತ್ತು. ಬರುವ ತಿಂಗಳು ಬಿಡುಗಡೆಯಾಗುವ ಮಹಾ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ್ದೀರಿ. ನೀವು ಕೊಟ್ಟ ಕಾರಣ: ಬಳಕೆದಾರರು ಸೊನ್ನೆ.

ಆ ಸೊನ್ನೆಗಳಲ್ಲಿ ಒಬ್ಬಳು ನನ್ನ ಅಕ್ಕ.

ಅಕ್ಕ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದಾಳೆ. ಅದೊಂದು ನೆಲಮಾಳಿಗೆ. ಒಂದು ಗೋಡೆಗೆ ಒಗೆಯುವ ಯಂತ್ರಗಳು, ಎದುರು ಗೋಡೆಗೆ ಇಸ್ತ್ರಿ ಮೇಜುಗಳು, ನಡುವೆ ಹಬೆ. ಒದ್ದೆ ಹಾಸುಬಟ್ಟೆಗಳನ್ನು ಯಂತ್ರದಿಂದ ಎಳೆದು ತಳ್ಳುಗಾಡಿಗೆ ಎತ್ತಿ ಹಾಕುವುದು ಅವಳ ಕೆಲಸ. ಬಲಗೈ ಈಗ ಭುಜದ ಮಟ್ಟಕ್ಕಿಂತ ಮೇಲೇಳುವುದಿಲ್ಲ. ತಲೆ ಬಾಚುವುದನ್ನು ಎಡಗೈ ಕಲಿತುಕೊಂಡಿದೆ. ಇನ್ನೊಂದು ವರ್ಷ ಹೀಗೇ ಎತ್ತಿದರೆ ಈ ಕೈಯ ಆಸೆ ಬಿಡಬೇಕಾಗುತ್ತದೆ ಎಂದು ಅದೇ ಆಸ್ಪತ್ರೆಯ ಮೂಳೆ ವೈದ್ಯರು ಹೇಳಿದ್ದಾರೆ. ಎತ್ತದೆ ಇರಲು ಒಂದೇ ದಾರಿ, ಮೇಲ್ವಿಚಾರಕಿಯ ಪರೀಕ್ಷೆ ಪಾಸು ಮಾಡುವುದು. ಐವತ್ತೆರಡು ದಾಟಿದವರಿಗೆ ಪರೀಕ್ಷೆ ಇಲ್ಲ. ಅಕ್ಕನಿಗೆ ಈಗ ಐವತ್ತೆರಡು. ಬರೆಯಬೇಕಾದದ್ದು ಕೆಲಸದ ಜಾಗದಲ್ಲೇ, ಮೇಲಿನವರ ಕಣ್ಣೆದುರು, ಅಂದರೆ ಆ ನೆಲಮಾಳಿಗೆಯಲ್ಲೇ. ಮತ್ತು ನಿಮ್ಮ ತಂತ್ರಾಂಶದಲ್ಲೇ.

ಒಂದೂವರೆ ವರ್ಷದಿಂದ, ಮಧ್ಯಾಹ್ನದ ಇಪ್ಪತ್ತೈದು ನಿಮಿಷದ ಬಿಡುವಿನಲ್ಲಿ, ಮಡಿಚಿಟ್ಟ ಹೊದಿಕೆಗಳ ರಾಶಿಗೆ ಒರಗಿ ಅಕ್ಕ ಸಾದಾ ಪುಟದಲ್ಲಿ ಓದಿದ್ದಾಳೆ. ಸೋಪು, ಸೋಂಕು, ಸುಡುನೀರಿನ ಕಾವು. ಯಾವ ಕಲೆಗೆ ಯಾವ ಮದ್ದು, ಯಾವ ಬಟ್ಟೆಗೆ ಯಾವ ಹದ್ದು. ಜೊತೆಗೆ ಹದಿಮೂರು ಹೆಂಗಸರು. ಎಲ್ಲರಿಗೂ ಅದೇ ಗುಂಡಿ ಗತಿ.

ಕಳೆದ ವಾರ ತರಬೇತಿ ಕೇಂದ್ರದವರು ನಿಮ್ಮ ಹೊಸ ಆವೃತ್ತಿಯ ಪ್ರಾಯೋಗಿಕ ರೂಪವನ್ನು ಹಾಕಿ ಮಾದರಿ ಪರೀಕ್ಷೆ ನಡೆಸಿದರು. ಅಕ್ಕ ಮನೆಯಲ್ಲಿ ಮರೆತ ಕನ್ನಡಕ ಕೊಡಲು ಹೋದ ನಾನು ಅಲ್ಲೇ ನಿಂತು ನೋಡಿದೆ. ಇಪ್ಪತ್ತು ಪ್ರಶ್ನೆ, ಇಪ್ಪತ್ತು ನಿಮಿಷ. ಪರದೆಯ ಮೇಲೆ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಹತ್ತನೆಯ ನಿಮಿಷಕ್ಕೆ ಲ್ಯಾಪ್‌ಟಾಪ್ ಹಿಡಿದ ಯುವತಿಯೊಬ್ಬಳ ಚಿತ್ರ ಹಣೆಯಿಂದ ಮೂಗಿನವರೆಗೆ ಮೂಡಿತು. ಹದಿನಾಲ್ಕಕ್ಕೆ ಅವಳ ನಗು ಬಂತು. ಹದಿನೆಂಟಕ್ಕೆ ಮೊದಲನೆಯ ಪ್ರಶ್ನೆ. ಇಪ್ಪತ್ತಕ್ಕೆ ಮಾತ್ರ ಒಂದು ಕ್ಷಣವೂ ತಡವಾಗದೆ ಬಣ್ಣದ ಕಾಗದದ ಚೂರುಗಳು ಪರದೆ ತುಂಬ ಉದುರಿ, 'ಸಮಯ ಮುಗಿಯಿತು, ನಿಮ್ಮ ಶ್ರಮ ಮಿನುಗಿತು!' ಎಂಬ ಸಾಲು ಬಂತು. ಯಾವ ಪುಣ್ಯಾತ್ಮನ ಪ್ರಾಸವೋ, ಹದಿನಾಲ್ಕು ಹೆಂಗಸರ ಮುಖಕ್ಕೆ ಹೊಡೆದ ಹಾಗಿತ್ತು.

"ಹೂವು ಉದುರ್ತಲ್ಲೇ, ಪಾಸಾದ್ಯಾ?" ಎಂದಳು ಪಕ್ಕದ ಮೇಜಿನ ಇಸ್ತ್ರಿಯಾಕೆ.

"ಸೊನ್ನೆ ಕಣೇ" ಎಂದಳು ಅಕ್ಕ.

"ಸೊನ್ನೆಗೇ ಇಷ್ಟು ಸಂಭ್ರಮಾನಾ! ನನ್ನ ಮದ್ವೇಲೂ ಇಷ್ಟು ಮಾಡ್ಲಿಲ್ಲ ಬಿಡು."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಫೋನನ್ನು ನನ್ನತ್ತ ಚಾಚಿದಳು. "ಲೇ ಪ್ರಾಸಪ್ಪ, ನೋಡೋ ಇಲ್ಲಿ. ಇದನ್ನ ಬರೆದೋನು ನಿನ್ನ ಥರದೋನೇ ಇರ್ಬೇಕು. ಅದಿರ್ಲಿ, ನಮ್ಮ ಗುಂಡಿ ಎಲ್ಲೋ? ಈ ಮೂಲೇಲಿ ಇತ್ತಲ್ಲ?" ಮಾತಿಗೆ ಮಾತು ಹೆಣೆಯುವ ಚಟಕ್ಕೆ ಮನೆಯವರು ನನಗಿಟ್ಟ ಹೆಸರು ಪ್ರಾಸಪ್ಪ.

"ತೆಗೆದಿದಾರಂತೆ ಅಕ್ಕ."

"ಯಾಕಂತೆ?"

"ಯಾರೂ ಬಳಸ್ತಿಲ್ವಂತೆ."

ಅವಳು ಆ ಹದಿಮೂರು ಮಂದಿಯನ್ನು ಒಂದು ಸುತ್ತು ನೋಡಿದಳು. "ಹಾಗಾದ್ರೆ ಇಷ್ಟು ದಿನ ಇಲ್ಲಿ ಓದಿದ್ದು ದೆವ್ವಗಳಾ?"

ಹೊಸ ಫೋನ್ ಕೊಳ್ಳಬಾರದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನದು ಈ ವರ್ಷದ ಫೋನು. ಅದೇ ಜಾಗದಲ್ಲಿ ಅದೇ ಪುಟ ತೆರೆದೆ. ಚಕ್ರ ಇನ್ನಷ್ಟು ಚೆನ್ನಾಗಿ ಕಂಡಿತು. ದೋಷ ಫೋನಿನದಲ್ಲ ಮಾನ್ಯರೇ, ನೆಲದಡಿಯ ಗೋಡೆಗಳದು. ಆ ಗೋಡೆಗಳನ್ನು ದಾಟುತ್ತಿದ್ದದ್ದು ಸಾದಾ ಪುಟ ಒಂದೇ.

ಹಾಗಿದ್ದರೆ ಸೊನ್ನೆ ಎಲ್ಲಿಂದ ಬಂತು? ನಿಮ್ಮ ತಂತ್ರಾಂಶದ ಪ್ರತಿ ಪುಟದ ಅಡಿಯಲ್ಲೂ ಕಣ್ಣಿಗೆ ಕಾಣದ ಎಣಿಕೆಗಾರನೊಬ್ಬ ಕೂತಿರುತ್ತಾನೆ. ಎಷ್ಟು ಜನ ಬಂದರು, ಎಷ್ಟು ಹೊತ್ತು ಇದ್ದರು ಎಂದು ಗುರುತು ಹಾಕಿಕೊಳ್ಳುವ ನಾಲ್ಕು ಸಾಲಿನ ಕೋಡ್. ಸಾದಾ ಪುಟ ಕಟ್ಟುವಾಗ, ಪುಟ ಹಗುರವಾಗಲಿ ಎಂದು ಚಿತ್ರಗಳ ಜೊತೆಗೆ ಅವನನ್ನೂ ಹೊರಗಿಟ್ಟಿದ್ದರು. ಎಣಿಸುವವನೇ ಇಲ್ಲದ ಕೋಣೆಯಿಂದ ನೀವು ಎಣಿಕೆ ತರಿಸಿದಿರಿ. ಸೊನ್ನೆ ಬಂತು. ಸೊನ್ನೆಯನ್ನು ಬಣ್ಣದ ನಕ್ಷೆಯಲ್ಲಿ ಬಿಡಿಸಿ ಗೋಡೆಗೆ ಹಾಯಿಸಿದಿರಿ. ಮುಂಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಹಿತ್ತಲಿನಿಂದ ಯಾರೂ ಬರಲಿಲ್ಲ ಎಂದು ಷರಾ ಬರೆಯುವ ಕಾವಲುಗಾರನನ್ನು ನೀವಾದರೆ ಕೆಲಸದಲ್ಲಿ ಇಟ್ಟುಕೊಳ್ಳುತ್ತಿದ್ದಿರಾ?

ಎಣಿಸುವ ಕಣ್ಣಿಗೆ ಕಾಣದವರು,
ಇದ್ದೂ ಪಟ್ಟಿಗೆ ಸೇರದವರು.

ನಿಮ್ಮ ಸಂಪ್ರದಾಯವೂ ಗೊತ್ತು. ಯಾವುದನ್ನಾದರೂ ತೆಗೆಯುವ ಮೊದಲು 'ನಿವೃತ್ತಿ ಪಟ್ಟಿ'ಗೆ ಸೇರಿಸಿ, ತಂತ್ರಜ್ಞರ ಚರ್ಚಾ ತಾಣದಲ್ಲಿ ಹದಿನಾಲ್ಕು ದಿನ ತೂಗುಹಾಕುತ್ತೀರಿ. ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆ ಎಂದರ್ಥ. ಯಾರು ಬೇಕಾದರೂ ಬಂದು ಆಕ್ಷೇಪಿಸಬಹುದು. ಎಂಥ ಔದಾರ್ಯ! ಆ ಚರ್ಚಾ ತಾಣವೂ ನೆಲಮಾಳಿಗೆಯಲ್ಲಿ ತೆರೆಯುವುದಿಲ್ಲ ಎಂಬುದು ಸಣ್ಣ ವಿಷಯ. ಕದವೇನೋ ತೆರೆದಿದೆ ಮಾನ್ಯರೇ, ಅದನ್ನು ಮೂರನೆಯ ಮಹಡಿಯಲ್ಲಿಟ್ಟು ಮೆಟ್ಟಿಲು ಕಟ್ಟುವುದನ್ನು ಮರೆತಿದ್ದೀರಿ.

ಯೋಜನಾ ಸಭೆಯ ನಡಾವಳಿಯೂ ಮುಕ್ತವಾದದ್ದೇ. ಹನ್ನೊಂದು ಕುರ್ಚಿ, ಗೋಡೆಯ ತುಂಬ ಬಣ್ಣದ ಚೀಟಿ, ನಲವತ್ತು ವಿಷಯ. ಒಂಬತ್ತನೆಯ ವಿಷಯ: 'ಸಲ್ಲಿಸು' ಗುಂಡಿಯ ಮೂಲೆಗಳು ಚೂಪಾಗಿರಬೇಕೋ ದುಂಡಗಿರಬೇಕೋ. ಅದರ ಮೇಲೆ ಮುಕ್ಕಾಲು ಗಂಟೆ ವಾದ, ವಿವಾದ, ವಿಷಾದ. ಮೂವತ್ತೇಳನೆಯ ವಿಷಯ: ಸಾದಾ ಪುಟದ ನಿವೃತ್ತಿ. ಬಳಕೆ ಸೊನ್ನೆ ಎಂದು ನೀವು ಓದಿ ಹೇಳಿದಿರಿ. ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದಿರಿ. ನೀರು ಕುಡಿದಿರಿ. ಲೋಟ ಕೆಳಗಿಟ್ಟು 'ಸರ್ವಾನುಮತ' ಎಂದು ಬರೆಸಿದಿರಿ. ಆ ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಒಂದು ನೆಲಮಾಳಿಗೆ ನೆನಪಾಗಲಿಲ್ಲವೇ? ನಿಮ್ಮ ಅಂಗಿಯನ್ನೂ ಯಾರೋ ಒಗೆದಿರುತ್ತಾರಲ್ಲ, ಅವರು ಓದಬಾರದೆಂದು ತೀರ್ಮಾನಿಸಿದ್ದು ಯಾವಾಗ?

ನನ್ನ ಬೇಡಿಕೆ ದೊಡ್ಡದಲ್ಲ. ಸಾದಾ ಪುಟವನ್ನು ನಿವೃತ್ತಿ ಪಟ್ಟಿಯಿಂದ ಇಳಿಸಿ, ಬಿಡುಗಡೆಗೆ ಮುಂಚೆ ಅದರ ಜಾಗಕ್ಕೆ ಮರಳಿಸಿ. ಆಗದಿದ್ದರೆ ಬಿಡುಗಡೆಯನ್ನೇ ಮುಂದೂಡಿ. ನೀವು ನಿಗದಿ ಮಾಡಿರುವ ದಿನದಿಂದ ಹನ್ನೆರಡನೆಯ ದಿನಕ್ಕೆ ಅಕ್ಕನ ಪರೀಕ್ಷೆ. ಅವಳಿಗೆ ಎರಡನೆಯ ಸಲ ಎಂಬುದಿಲ್ಲ. ಆ ಕೈಗೂ ಇಲ್ಲ.

ಇಲ್ಲಿಗೆ ನಿಲ್ಲಿಸಿ, 'ನೊಂದ ನಾಗರಿಕ' ಎಂದು ಸಹಿ ಹಾಕಿ ಕೈತೊಳೆದುಕೊಳ್ಳೋಣ ಎಂದಿದ್ದೆ. ಆದರೆ ಅಂದು ನೆಲಮಾಳಿಗೆಯಿಂದ ಹೊರಡುವಾಗ ಮೆಟ್ಟಿಲ ಬಳಿ ಅಕ್ಕ ಇನ್ನೊಂದು ಮಾತು ಕೇಳಿದ್ದಳು.

"ಅಷ್ಟು ಜನ ಕೂತು ತೀರ್ಮಾನ ಮಾಡಿರ್ತಾರಲ್ಲೋ, ನಮ್ಮ ಕಡೆಯೋರು ಒಬ್ರೂ ಇರ್ಲಿಲ್ವಾ ಅಲ್ಲಿ?"

"ಇರ್ಲಿಲ್ಲ ಅಕ್ಕ" ಎಂದೆ.

ಸುಳ್ಳು. ಹನ್ನೊಂದನೆಯ ಕುರ್ಚಿಯಲ್ಲಿ, ಅನುವಾದಕರ ಪ್ರತಿನಿಧಿಯಾಗಿ, ನಾನಿದ್ದೆ. ಸಾದಾ ಪುಟದಲ್ಲಿ ಎಣಿಕೆಗಾರನಿಲ್ಲ ಎಂದು ನನಗೆ ಗೊತ್ತಿತ್ತು. ಆ ಗುಂಡಿ ಒತ್ತುವುದನ್ನು ಅಕ್ಕನಿಗೆ ಕಲಿಸಿದವನೂ ನಾನೇ. ನೀವು ಆಕ್ಷೇಪಣೆ ಕೇಳಿದಾಗ, ಹೇಳಬೇಕಾದ ಒಂದೇ ಒಂದು ವಾಕ್ಯವನ್ನು ನಿಮ್ಮ ಸಭೆಯ ಭಾಷೆಯಲ್ಲಿ ತಪ್ಪಿಲ್ಲದೆ ಜೋಡಿಸುತ್ತ ಕೂತೆ. ಜೋಡಿಸಿ ತಲೆ ಎತ್ತುವಷ್ಟರಲ್ಲಿ ಮೂವತ್ತೆಂಟನೆಯ ವಿಷಯ ನಡೆದಿತ್ತು: ಪರೀಕ್ಷೆಯ ಸಮಯ ಮುಗಿದಾಗ ತೋರಿಸುವ ಸಂದೇಶ. ನಾನೇ ಹೆಣೆದ ಅದರ ಕನ್ನಡ ಸಾಲನ್ನು ಎದ್ದು ನಿಂತು ಓದಿದೆ, ಪ್ರಾಸ ಒಡೆದು ವಿವರಿಸಿದೆ. ಆಗ ನನಗೆ ಬಾಯಿ ಬಂದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದಿರಿ.

ಇಂತಿ,
ಆಕ್ಷೇಪಣೆ ಇದ್ದೂ ಎದ್ದು ಹೇಳದವನು,
ಹನ್ನೊಂದನೆಯ ಕುರ್ಚಿ