ಷರಾ ಕಾಲಮಿನ ‘ನಿಲ್’

ಪ್ರೀತಿಯ ಅಪ್ಪಾ,

ಒಂದು ಮಾತನ್ನು ಬಿಟ್ಟೇ ಈ ಪತ್ರ ಬರೆಯಬೇಕೆಂದಿದ್ದೆ. ಹೋದ ರವಿವಾರದ ಪಂದ್ಯದ ಹಾಳೆಯಲ್ಲಿ, ಷರಾ ಕಾಲಮಿನಲ್ಲಿ, ‘ನಿಲ್’, ಅಂದರೆ ವರದಿ ಮಾಡುವಂಥದ್ದೇನೂ ನಡೆದಿಲ್ಲ, ಎಂದು ಬರೆದವಳು ನಾನು. ಯಾರೂ ಕೈಹಿಡಿದು ಬರೆಸಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ನೀವು ಬೌಂಡರಿಯಾಚೆ ಮಡಚುವ ಕುರ್ಚಿ ಹಾಕಿ, ನನ್ನ ತೊಡೆಯ ಮೇಲೆ ಸ್ಕೋರ್ ಪುಸ್ತಕ ಇಟ್ಟದ್ದು ನೆನಪಿದೆಯೇ? ಇಂಗ್ಲಿಷ್ ಶಾಲೆಯ ಹುಡುಗಿ ಕನ್ನಡ ಅಕ್ಷರ ಕಲಿತದ್ದೇ ನಮ್ಮ ಕ್ಲಬ್ಬಿನವರ ಹೆಸರು ಬರೆದು. “ಪೆನ್ಸಿಲ್ ಬ್ಯಾಡ, ಪೆನ್ನಿಲೆ ಬರಿ. ಅಳಸಾಕ ಬರಬಾರದು,” ಅಂತಿದ್ದಿರಿ.

ಆ ರವಿವಾರ ಮಗರಪಟ್ಟಾ ಬಡಾವಣೆ ಹತ್ತಿರದ ಮೈದಾನದಲ್ಲಿ ಅಂಪೈರ್ ಆಗಿ ನಿಂತವನು ಎದುರು ತಂಡದ ಶಿಂದೆ. ನಿಮ್ಮ ಕಾಲದ ಪದ್ಧತಿಯೇ ಈಗಲೂ ಇದೆ. ಬ್ಯಾಟಿಂಗಿಗೆ ಸರದಿ ಕಾಯುವವನೇ ಅಂಪೈರ್. ಪ್ಯಾಡ್ ಕಟ್ಟಿಕೊಂಡೇ ನಿಂತಿದ್ದ. ಗಿರೀಶನ ಎಲ್‌ಬಿಡಬ್ಲ್ಯೂ ಮನವಿಗೆ ಇಲ್ಲವೆಂದು ತಲೆಯಾಡಿಸಿದ. ಗಿರೀಶ, ನಿಮ್ಮ ಮಗ, ಈಗ ನಮ್ಮ ಕ್ಯಾಪ್ಟನ್, ಎರಡೂ ಕೈಯಿಂದ ಅವನ ಎದೆಗೆ ತಳ್ಳಿದ. ಪ್ಯಾಡು ತೊಡರಿ ಶಿಂದೆ ಹಿಂದಕ್ಕೆ ಬಿದ್ದ. ತಲೆ ನೆಲಕ್ಕೆ ಬಡಿದ ಸದ್ದು ನನ್ನ ಕುರ್ಚಿಯವರೆಗೆ…

ಅವನೇ ಎದ್ದು ಮಣ್ಣು ಕೊಡವಿಕೊಂಡ. “ಜಾಊ ದ್ಯಾ, ತಾಈ,” ಬಿಟ್ಟುಬಿಡಿ ಅಕ್ಕಾ ಎಂದು ಮರಾಠಿಯಲ್ಲಿ ನನಗೇ ಸಮಾಧಾನ ಹೇಳಿದ. ಕ್ಯಾಪ್ಟನ್‌ಗಳಿಬ್ಬರೂ ಕೈಕುಲುಕಿದರು. ಅಂಪೈರ್ ಮೇಲೆ ಕೈಮಾಡಿದನೆಂದು ಲೀಗಿಗೆ ವರದಿ ಹೋದರೆ ಗಿರೀಶನಿಗೆ ವರ್ಷಪೂರ್ತಿ ಆಟ ಬಂದ್. ನಾನು ಪೆನ್ನಿನಿಂದಲೇ ಬರೆದೆ, ಅಪ್ಪಾ.

ಮಂಗಳವಾರ ಶಿಂದೆ ಆಫೀಸಿನಲ್ಲಿ ವಾಂತಿ ಮಾಡಿ ಕುಸಿದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆಯಂತೆ. ಕ್ಯಾಂಪ್ ಬಡಾವಣೆಯ ಆಸ್ಪತ್ರೆಗೆ ಹೋದಾಗ ಅವನ ಹೆಂಡತಿ ನನ್ನ ಕೈಹಿಡಿದು, ಹೇಗೆ ಬಿದ್ದರು, ನೀವು ಅಲ್ಲೇ ಇದ್ದಿರಲ್ಲ ಎಂದು ಕೇಳಿದಳು. ಸರಿಯಾಗಿ ನೋಡಲಿಲ್ಲ ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಇವತ್ತು ಮುಂಜಾನೆ ಚಹಾ ಕುಡಿಯುವಾಗ ಗಿರೀಶನೇ ವಿಷಯ ತೆಗೆದ.

“ಪ್ಯಾಡ್ ಕಟ್ಟಿದಾಂವ ಅಂಪೈರ್ ಹೆಂಗ ಆಗ್ತಾನ ಅಕ್ಕಾ? ಆಟಗಾರ ಆಟಗಾರ ತಳ್ಳಾಡಿದ್ದು, ಅಷ್ಟ.”

“ಅಂವಾ ಇನ್ನೂ ಕಣ್ಣ ತಗದಿಲ್ಲೋ.”

“ಅದಕ್ಕ ತಮ್ಮನ್ನ ಜೈಲಿಗೆ ಕಳಸ್ತಿ ಏನು? ಭಾಳ ದೊಡ್ಡ ಸ್ಕೋರರ್ ನೀ.”

ನಕ್ಕ. ಅರ್ಧ ಕುಡಿದ ಚಹಾ ಅಲ್ಲೇ ಬಿಟ್ಟು ಕೆಲಸಕ್ಕೆ ಹೊರಟ. ನನಗೆ ಹೆದರಿಕೆಯಾಗುತ್ತಿದೆ ಅಪ್ಪಾ. ಅವನಿಗಾಗಿಯೇ? ಅವನ ಕೈಗಳಿಗೇ? ಅಥವಾ ಅಷ್ಟು ಅಚ್ಚುಕಟ್ಟಾಗಿ ಸಹಿ ಹಾಕಿದ ನನ್ನ ಕೈಗೋ? ನೀವಿದ್ದಿದ್ದರೆ ಮಗನನ್ನು…

ಮಧ್ಯಾಹ್ನ ಲೀಗಿಗೆ ವರದಿ ಬರೆದೆ. ಕಂಡದ್ದು, ಕೇಳಿದ್ದು, ಕೊನೆಗೆ ನಾನು ಬರೆದ ‘ನಿಲ್’. ಎರಡು ಪ್ರತಿ ಮಾಡಿದ್ದೇನೆ. ಗಿರೀಶ ಕೆಲಸದಿಂದ ಬಂದ ಮೇಲೆ ಅವನೆದುರು ಓದುತ್ತೇನೆ. ಹರಿದರೆ ಇನ್ನೊಂದು ನನ್ನ ಚೀಲದಲ್ಲಿರುತ್ತದೆ. ಅಷ್ಟರಲ್ಲಿ ಶಿಂದೆ ಕಣ್ಣು ತೆರೆದರೆ ಸಾಕು ಎಂದು ಕೂತಿದ್ದೇನೆ. ತೆರೆದರೂ, ತೆರೆಯದಿದ್ದರೂ, ವರದಿಯನ್ನು ಅಂಚೆಗೆ ಹಾಕುವುದು ನಾಳೆ, ಶುಕ್ರವಾರ, ಆರನೇ ತಾರೀಖು.